ಬೆರಳ ತುದಿಯ ಹನಿಯಿಂದ ವರದಿಯವರೆಗೆ: ಮಲೇರಿಯಾ ರಕ್ತಲೇಪವನ್ನು ಮಾಡುವ ಮತ್ತು ನೋಡುವ ಸಮಗ್ರ ಮಾರ್ಗದರ್ಶಿ

ಜೂನ್‌ನಿಂದ ಅಕ್ಟೋಬರ್‌ವರೆಗೆ ಮುಂಬಯಿಯಲ್ಲಿ ಜ್ವರವೆಂದು ವೈದ್ಯರ ಬಳಿ ಹೋದವರ ಚೀಟಿಯಲ್ಲಿ ‘ಎಂ.ಪಿ.’ ಎಂಬ ಎರಡಕ್ಷರ ಸಾಮಾನ್ಯವಾಗಿ ಇದ್ದೇ ಇರುತ್ತದೆ. ರಕ್ತದಲ್ಲಿ ಮಲೇರಿಯಾದ ಪರೋಪಜೀವಿ ಇದೆಯೇ ನೋಡಿ ಎಂಬುದು ಅದರ ಅರ್ಥ. ಈ ಪರೀಕ್ಷೆಗೆ ಬೇಕಾದದ್ದು ಒಂದು ಗಾಜಿನ ಸ್ಲೈಡ್, ಒಂದು ಬಣ್ಣ, ಒಂದು ಸೂಕ್ಷ್ಮದರ್ಶಕ ಮತ್ತು ನೋಡುವ ಕಣ್ಣು. ಯಂತ್ರಗಳು ಎಷ್ಟೇ ಬಂದಿದ್ದರೂ ಯಾವ ಜಾತಿಯ ಪರೋಪಜೀವಿ, ಯಾವ ಹಂತದಲ್ಲಿದೆ, ಎಷ್ಟಿದೆ ಎಂಬ ಮೂರನ್ನೂ ಒಂದೇ ಸ್ಲೈಡಿನಲ್ಲಿ ಕಡಿಮೆ ಖರ್ಚಿನಲ್ಲಿ ತೋರಿಸಬಲ್ಲದ್ದು ಇಂದಿಗೂ ರಕ್ತಲೇಪವೇ.

ಮುಂಬಯಿಯ ಪ್ರಯೋಗಾಲಯಗಳಲ್ಲಿ ಮೂವತ್ತು ವರ್ಷ ಸ್ಲೈಡು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇಲ್ಲಿಯ ಕನ್ನಡ ಶಾಲೆಗಳಲ್ಲಿ, ರಾತ್ರಿ ಶಾಲೆಗಳಲ್ಲಿ ಓದಿ, ಹಗಲು ಹೋಟೆಲಿನಲ್ಲೋ ಅಂಗಡಿಯಲ್ಲೋ ದುಡಿದು, ಅನಂತರ ಲ್ಯಾಬ್ ಟೆಕ್ನೀಷಿಯನ್ ಕೋರ್ಸಿಗೆ ಸೇರುವ ನಮ್ಮ ಹುಡುಗ ಹುಡುಗಿಯರಿಗೆ ಪಾಠ ಇಂಗ್ಲಿಷಿನಲ್ಲಿ, ಕೆಲಸದ ಮಾತು ಮರಾಠಿ ಹಿಂದಿಯಲ್ಲಿ ಸಿಗುತ್ತದೆ. ಕೈ ಮಾಡುವ ಕೆಲಸದ ಕಾರಣವನ್ನು ತಾಯಿನುಡಿಯಲ್ಲಿ ಒಮ್ಮೆ ಕೇಳಿಸಿಕೊಂಡರೆ ಆ ಕೆಲಸ ಕೈಯಲ್ಲಿ ನಿಲ್ಲುತ್ತದೆ ಎಂಬುದು ನನ್ನ ಅನುಭವ. ಇಡೀ ಬರಹದಲ್ಲಿ ನಾನು ಮತ್ತೆ ಮತ್ತೆ ಮರಳುವುದು ಒಂದೇ ಪ್ರಶ್ನೆಗೆ: ‘ಪರೋಪಜೀವಿ ಕಾಣಲಿಲ್ಲ’ ಎಂದು ಬರೆಯುವ ಹಕ್ಕು ನಮಗೆ ಯಾವಾಗ ಬರುತ್ತದೆ?

ಮೊದಲು ಕಣದ ಪರಿಚಯ

ಸ್ಲೈಡಿನಲ್ಲಿ ಪರೋಪಜೀವಿಯನ್ನು ಹುಡುಕುವವರು ಮೊದಲು ಅದು ವಾಸಿಸುವ ಮನೆಯನ್ನು ಬಲ್ಲವರಾಗಬೇಕು. ಆ ಮನೆ ಕೆಂಪು ರಕ್ತಕಣ. ಸುಮಾರು 7ರಿಂದ 8 ಮೈಕ್ರೋಮೀಟರ್ ಅಡ್ಡಳತೆಯ, ನಡುವೆ ತಗ್ಗಿರುವ ಈ ಬಿಲ್ಲೆಯೊಳಗೆ ಹಿಮೋಗ್ಲೋಬಿನ್ ತುಂಬಿರುತ್ತದೆ. ಮೂಳೆಯ ಮಜ್ಜೆಯಲ್ಲಿ ಬೆಳೆಯುವಾಗ ಇದಕ್ಕೆ ಕೋಶಕೇಂದ್ರವಿರುತ್ತದೆ, ಆದರೆ ರಕ್ತಕ್ಕೆ ಬರುವ ಮೊದಲೇ ಅದನ್ನು ಹೊರಗೆ ತಳ್ಳಿಬಿಡುತ್ತದೆ. ನಮ್ಮ ಕೆಲಸ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಪ್ರೌಢ ಕೆಂಪುಕಣದೊಳಗೆ ಕೋಶಕೇಂದ್ರದ ಕೆನ್ನೇರಳೆ ಬಣ್ಣ ಹಿಡಿಯುವಂಥದ್ದು ಏನೂ ಇರಬಾರದು. ಇದ್ದರೆ ಅದು ಬೇರೆಯವರದ್ದಾಗಿರಬೇಕು, ಇಲ್ಲವೇ ಅದಕ್ಕೊಂದು ವಿವರಣೆ ಬೇಕು.

ಆ ಬೇರೆಯದು ಪ್ಲಾಸ್ಮೋಡಿಯಂ ಎಂಬ ಏಕಕೋಶ ಜೀವಿ. ಏಕಕೋಶವಾದರೂ ಸರಳ ಜೀವಿಯಲ್ಲ. ಅದಕ್ಕೆ ತನ್ನದೇ ಕೋಶಕೇಂದ್ರ, ಕೋಶರಸ, ಮೈಟೊಕಾಂಡ್ರಿಯಾ ಇವೆ. ಕೆಂಪುಕಣದೊಳಕ್ಕೆ ನುಗ್ಗುವ ಹಂತದಲ್ಲಿ ಅದರ ತುದಿಯಲ್ಲಿ ರಾಪ್ಟ್ರಿ, ಮೈಕ್ರೊನೀಮ್ ಎಂಬ ಪುಟ್ಟ ಚೀಲಗಳಿರುತ್ತವೆ, ಅವುಗಳಿಂದ ಸುರಿಯುವ ಪ್ರೋಟೀನುಗಳು ಕಣದ ಗೋಡೆಗೆ ಅಂಟಿಕೊಂಡು ಒಳಹೋಗಲು ದಾರಿ ಮಾಡುತ್ತವೆ. ಅಪಿಕೊಪ್ಲಾಸ್ಟ್ ಎಂಬ ಇನ್ನೊಂದು ಅಂಗವೂ ಅದರಲ್ಲಿದೆ. ಅದು ಬಹಳ ಹಿಂದೆ ಒಳಸೇರಿದ ಪಾಚಿಯೊಂದರ ಹಸಿರುಕಣದ ಅವಶೇಷ, ಈಗ ಬೆಳಕಿನಿಂದ ಆಹಾರ ತಯಾರಿಸುವ ಶಕ್ತಿಯನ್ನು ಕಳೆದುಕೊಂಡಿದ್ದರೂ ಜೀವಿಗೆ ಅದಿಲ್ಲದೆ ನಡೆಯದು. ಇವುಗಳಾವುವೂ ನಮ್ಮ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ನಮಗೆ ಕಾಣುವುದು ಮೂರೇ: ಕೆಂಪಾಗಿ ಮೂಡುವ ಕ್ರೊಮ್ಯಾಟಿನ್ (ಕೋಶಕೇಂದ್ರದ ವಸ್ತು) ಚುಕ್ಕೆ, ನೀಲಿಯಾಗಿ ಮೂಡುವ ಕೋಶರಸ, ಮತ್ತು ಕಂದು ಅಥವಾ ಕಪ್ಪು ಬಣ್ಣದ ಹರಳಿನ ಪುಡಿ.

ಈ ಪುಡಿಯ ಹೆಸರು ಹೀಮೊಜಾಯಿನ್. ಪರೋಪಜೀವಿ ಕೆಂಪುಕಣದ ಹಿಮೋಗ್ಲೋಬಿನ್ನನ್ನು ತಿಂದು ಜೀರ್ಣಿಸಿಕೊಳ್ಳುವಾಗ ಕಬ್ಬಿಣದ ಅಂಶವಿರುವ ಹೀಮ್ ಉಳಿದುಬಿಡುತ್ತದೆ. ಅದು ಜೀವಿಗೆ ವಿಷ. ಹಾಗಾಗಿ ಅದನ್ನು ಕರಗದ ಹರಳನ್ನಾಗಿ ಕಟ್ಟಿ ಒಂದು ಮೂಲೆಯಲ್ಲಿ ಇಡುತ್ತದೆ. ಬಣ್ಣ ಹಾಕದೆಯೂ ಇದು ಕಾಣುತ್ತದೆ. 1880ರ ನವೆಂಬರ್ 6ರಂದು ಅಲ್ಜೀರಿಯಾದ ಕಾನ್‌ಸ್ಟಂಟೈನ್ ಊರಿನ ಸೇನಾ ಆಸ್ಪತ್ರೆಯಲ್ಲಿ ಆಲ್ಫೋನ್ಸ್ ಲವರಾನ್ ಈ ಜೀವಿಯನ್ನು ಮೊದಲು ಗುರುತಿಸಿದ್ದು ಬಣ್ಣವಿಲ್ಲದ ತಾಜಾ ರಕ್ತದಲ್ಲಿ. ಕಪ್ಪುಪುಡಿ ಹೊತ್ತ ದುಂಡು ಕಾಯವೊಂದು ಬಾಲಗಳನ್ನು ಬೀಸುತ್ತ ಚಲಿಸುತ್ತಿದ್ದುದನ್ನು ಅವರು ಕಂಡರು. ಆ ಜೀವಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುತ್ತದೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರ ಆಗಸ್ಟ್ 20ರಂದು.

ನಮ್ಮ ನಗರದ ಸೊಳ್ಳೆಯ ಬಗ್ಗೆಯೂ ಒಂದು ಮಾತು. ಅನಾಫಿಲಿಸ್ ಸ್ಟೀಫನ್ಸಿ ಕೆಸರುಗುಂಡಿಯನ್ನು ಅಷ್ಟಾಗಿ ಬಯಸುವುದಿಲ್ಲ, ಅದಕ್ಕೆ ಬೇಕಾದದ್ದು ತಿಳಿನೀರು. ಬಾವಿ, ಮಾಳಿಗೆಯ ಮೇಲಿನ ಮುಚ್ಚಳವಿಲ್ಲದ ಟಾಕಿ, ಕಟ್ಟುತ್ತಿರುವ ಕಟ್ಟಡದಲ್ಲಿ ಕಾಂಕ್ರೀಟಿಗೆಂದು ನಿಲ್ಲಿಸಿದ ನೀರು ಅದರ ತೊಟ್ಟಿಲು. ಬೊಂಬಾಯಿಯ ಮಲೇರಿಯಾದ ಕಾರಣಗಳನ್ನು ಹುಡುಕಿದ ವೈದ್ಯ ಬೆಂಟ್ಲಿ 1911ರ ತಮ್ಮ ವರದಿಯಲ್ಲಿ ನಗರದ ಬಾವಿಗಳತ್ತ ಬೆರಳು ಮಾಡಿದ್ದರು. ಜ್ವರದವರನ್ನು ನೀವು ವಿಚಾರಿಸುವಾಗ ‘ಹತ್ತಿರ ಎಲ್ಲಿಯಾದರೂ ಕಟ್ಟಡದ ಕೆಲಸ ನಡೆಯುತ್ತಿದೆಯೇ’ ಎಂದು ಕೇಳಿ, ಉತ್ತರವನ್ನು ನೋಂದಣಿ ಪುಸ್ತಕದಲ್ಲಿ ಬರೆದುಕೊಳ್ಳಿ.

ಹನಿ ತೆಗೆಯುವುದು

ಮಾತ್ರೆ ಶುರುಮಾಡುವ ಮೊದಲೇ ರಕ್ತ ತೆಗೆಯಬೇಕು. ಮಲೇರಿಯಾ ಔಷಧದ ಒಂದು ಸುತ್ತು ಹೊಟ್ಟೆಗೆ ಹೋದರೂ ಪರೋಪಜೀವಿಗಳ ಸಂಖ್ಯೆ ಇಳಿಯುತ್ತದೆ, ರೂಪ ಕೆಡುತ್ತದೆ. ಚಳಿ ಬಂದಾಗಲೇ ರಕ್ತ ಕೊಡಬೇಕು ಎಂದು ಕಾಯುತ್ತ ಕೂರುವವರಿದ್ದಾರೆ, ಅವರಿಗೆ ಕಾಯಬೇಡಿ ಎಂದು ಹೇಳಿ. ಸಂಶಯ ಬಂದ ಕ್ಷಣವೇ ಸರಿಯಾದ ಹೊತ್ತು.

ಸ್ಲೈಡು ಹೊಸದಾಗಿದ್ದರೂ ಅದಕ್ಕೆ ಎಣ್ಣೆಯ ತೆಳು ಪದರ ಅಂಟಿರುತ್ತದೆ. ಆಲ್ಕೋಹಾಲಿನಲ್ಲಿ ಒರೆಸಿ, ಅಂಚುಗಳನ್ನಷ್ಟೇ ಹಿಡಿಯಿರಿ. ಕೈಗವಸು ಹಾಕಿಕೊಳ್ಳಿ. ದೊಡ್ಡವರಲ್ಲಿ ಎಡಗೈಯ ಮಧ್ಯದ ಅಥವಾ ಉಂಗುರದ ಬೆರಳು, ಹಸುಗೂಸುಗಳಲ್ಲಿ ಹಿಮ್ಮಡಿ ಅಥವಾ ಕಾಲಿನ ಹೆಬ್ಬೆರಳು. ಶೇಕಡಾ 70ರ ಆಲ್ಕೋಹಾಲಿನಿಂದ ಒರೆಸಿದ ಮೇಲೆ ಅದು ಪೂರ್ತಿ ಆರುವವರೆಗೆ ಕಾಯಿರಿ, ಒದ್ದೆ ಆಲ್ಕೋಹಾಲು ರಕ್ತದ ಹನಿಗೆ ಸೇರಿದರೆ ದಪ್ಪಲೇಪ (ಸ್ಲೈಡಿನ ಮೇಲೆ ದಪ್ಪಗೆ ಹರಡಿದ ರಕ್ತ) ಅಲ್ಲಲ್ಲಿ ಗಟ್ಟಿಕಟ್ಟಿಕೊಂಡು ಬಣ್ಣ ಹಿಡಿಯುವುದಿಲ್ಲ. ಬೆರಳ ತುದಿಯ ನಡುವಿಗಲ್ಲ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಒಮ್ಮೆ ಬಳಸಿದ ಲ್ಯಾನ್ಸೆಟ್ಟನ್ನು ಮೇಜಿನ ಮೇಲೆ ಒಂದು ಕ್ಷಣವೂ ಇಡದೆ ಚುಚ್ಚುಸಾಮಾನಿನ ಬಿಳಿ ಡಬ್ಬಿಗೆ ಹಾಕಿ. ರಕ್ತ ಒರೆಸಿದ ಹತ್ತಿ ಹಳದಿ ಚೀಲಕ್ಕೆ, ಕೈಗವಸು ಕೆಂಪು ಚೀಲಕ್ಕೆ, ಒಡೆದ ಗಾಜು ನೀಲಿ ಗುರುತಿನ ಡಬ್ಬಿಗೆ ಎಂಬುದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ.

ಮೊದಲ ಹನಿಯನ್ನು ಒಣ ಹತ್ತಿಯಿಂದ ಒರೆಸಿಬಿಡಿ. ಅನಂತರದ ಹನಿಗೆ ಬೆರಳನ್ನು ಮೆಲ್ಲಗೆ ಒತ್ತಿದರೆ ಸಾಕು. ಹಿಂಡಿದರೆ ಅಂಗಾಂಶದ ನೀರು ರಕ್ತಕ್ಕೆ ಸೇರಿ, ಇರುವ ಕೆಲವೇ ಪರೋಪಜೀವಿಗಳೂ ಚದುರಿಹೋಗುತ್ತವೆ. ಸುಮಾರು 6 ಮೈಕ್ರೋಲೀಟರ್ ದಪ್ಪಲೇಪಕ್ಕೆ, 2 ಮೈಕ್ರೋಲೀಟರ್ ತೆಳುಲೇಪಕ್ಕೆ ಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ, ನೇರಳೆ ಮುಚ್ಚಳದ ನಳಿಕೆಯ ರಕ್ತವೂ ಆಗುತ್ತದೆ, ಆದರೆ ಒಂದು ಗಂಟೆಯೊಳಗೆ ಲೇಪ ಮಾಡಬೇಕು. ಹೆಚ್ಚು ಹೊತ್ತು ಇಟ್ಟರೆ ಕಣಗಳ ಅಂಚು ಮುಳ್ಳುಮುಳ್ಳಾಗುತ್ತದೆ, ಪರೋಪಜೀವಿಯ ಆಕಾರ ತಿರುಚಿಕೊಳ್ಳುತ್ತದೆ, ಅಂಥ ಲೇಪದಲ್ಲಿ ಜಾತಿ ಗುರುತಿಸಲು ಹೋದವರು ತಪ್ಪುತ್ತಾರೆ.

ಒಂದೇ ಸ್ಲೈಡಿನಲ್ಲಿ ಎರಡು ಲೇಪ

ಲ್ಯಾಬಿನಲ್ಲಿ ‘ಥಿಕ್’ ಮತ್ತು ‘ಥಿನ್’ ಎನ್ನುವ ಎರಡನ್ನೂ ಒಂದೇ ಸ್ಲೈಡಿನ ಮೇಲೆ ಮಾಡುವುದು ರೂಢಿ. ಎರಡರ ಉದ್ದೇಶ ಬೇರೆ. ದಪ್ಪಲೇಪದಲ್ಲಿ ರಕ್ತಕಣಗಳು ಒಂದರ ಮೇಲೊಂದು ಅನೇಕ ಪದರಗಳಾಗಿ ಕೂತಿರುತ್ತವೆ. ಬಣ್ಣ ಹಾಕುವಾಗ ನೀರು ತಾಗಿ ಕೆಂಪುಕಣಗಳೆಲ್ಲ ಒಡೆದು ಹಿಮೋಗ್ಲೋಬಿನ್ ತೊಳೆದುಹೋಗಿ, ಪರೋಪಜೀವಿಗಳೂ ಬಿಳಿಕಣಗಳೂ ಮಾತ್ರ ಉಳಿಯುತ್ತವೆ. ಹೆಚ್ಚು ರಕ್ತವನ್ನು ಕಡಿಮೆ ಜಾಗದಲ್ಲಿ ನೋಡಲು ಇದೇ ಉಪಾಯ. ತೆಳುಲೇಪದಲ್ಲಾದರೋ ಕಣಗಳು ಒಂದೇ ಪದರವಾಗಿ ಹರಡಿಕೊಂಡು ಇಡಿಯಾಗಿ ಉಳಿಯುತ್ತವೆ, ಪರೋಪಜೀವಿ ತನ್ನ ಮನೆಗೆ ಏನು ಮಾಡಿದೆ ಎಂಬುದು ಅಲ್ಲಿ ತಿಳಿಯುತ್ತದೆ. ದಪ್ಪಲೇಪ ‘ಇದೆಯೇ’ ಎಂಬ ಪ್ರಶ್ನೆಗೆ, ತೆಳುಲೇಪ ‘ಯಾವುದು’ ಎಂಬ ಪ್ರಶ್ನೆಗೆ. ತೆಳುಲೇಪವೊಂದನ್ನೇ ನೋಡಿ ‘ಇಲ್ಲ’ ಎಂದು ಬರೆಯುವ ಅಭ್ಯಾಸ ಹಲವೆಡೆ ಇದೆ. ಅದು ತಪ್ಪು.

ದಪ್ಪಲೇಪಕ್ಕೆ ಹನಿಯನ್ನು ಇನ್ನೊಂದು ಸ್ಲೈಡಿನ ಮೂಲೆಯಿಂದ ದುಂಡಗೆ, ಸುಮಾರು 12 ಮಿಲಿಮೀಟರ್ ಅಗಲಕ್ಕೆ, ಅಂದರೆ ಅಂಗಿಯ ಗುಂಡಿಯಷ್ಟು ಹರಡಬೇಕು. ಹೆಚ್ಚು ಕಲಕಬಾರದು. ದಪ್ಪ ಸರಿಯಾಗಿದೆಯೇ ಎಂದು ನೋಡಲು ಒದ್ದೆಯಿರುವಾಗಲೇ ಸ್ಲೈಡನ್ನು ಪತ್ರಿಕೆಯ ಮೇಲಿಡಿ. ನಾನು ಕೆಲಸ ಕಲಿತ ಮೇಜಿನ ಮೇಲೆ ಇದಕ್ಕೆಂದೇ ‘ಕರ್ನಾಟಕ ಮಲ್ಲ’ದ ಒಂದು ಹಾಳೆ ಸದಾ ಇರುತ್ತಿತ್ತು. ರಕ್ತದ ಮೂಲಕ ಅಕ್ಷರ ಕಷ್ಟಪಟ್ಟಾದರೂ ಓದಲು ಬಂದರೆ ಸರಿ, ಬಾರದಿದ್ದರೆ ಲೇಪ ಅತಿ ದಪ್ಪವಾಗಿದೆ, ತೊಳೆಯುವಾಗ ಹೊಪ್ಪಳೆಯಾಗಿ ಕಳಚಿ ಹೋಗುತ್ತದೆ.

ತೆಳುಲೇಪಕ್ಕೆ ನಯವಾದ ಅಂಚಿನ ಇನ್ನೊಂದು ಸ್ಲೈಡನ್ನು ಹನಿಗೆ ತಾಗಿಸಿ, ರಕ್ತ ಅಂಚಿನುದ್ದಕ್ಕೂ ಹರಿದುಕೊಂಡ ಕೂಡಲೇ, ಸುಮಾರು 45 ಡಿಗ್ರಿಯ ಓರೆಯಲ್ಲಿ ಒಂದೇ ಗತಿಯಲ್ಲಿ ಮುಂದಕ್ಕೆ ತಳ್ಳಿ. ಕೈ ನಡುಗಬಾರದು, ನಿಲ್ಲಬಾರದು. ಚೆನ್ನಾಗಿ ಬಂದ ಲೇಪದ ತುದಿ ನಾಲಗೆಯಂತೆ ಇರುತ್ತದೆ, ಆ ತುದಿಯ ಹತ್ತಿರ ಬರಿಗಣ್ಣಿಗೆ ನವಿಲುಗರಿಯ ನವಿರು ಕಾಣುತ್ತದೆ. ರಕ್ತಹೀನತೆಯವರ ರಕ್ತ ನೀರಾಗಿರುವುದರಿಂದ ಓರೆಯನ್ನು ಹೆಚ್ಚಿಸಿ ಬೇಗ ತಳ್ಳಬೇಕು. ಮೊದಲ ನೂರು ಲೇಪಗಳು ಕೆಡುತ್ತವೆ, ಅದಕ್ಕೆ ಬೇಸರಪಡಬೇಕಾಗಿಲ್ಲ.

ಈಗ ಒಣಗಿಸುವ ಮಾತು. ಮುಂಬಯಿಯ ಮಳೆಗಾಲದಲ್ಲಿ ಈ ಹಂತಕ್ಕೆ ಗಮನ ಕೊಡದವರ ಸ್ಲೈಡುಗಳು ಮುಂದೆ ಏನು ಮಾಡಿದರೂ ಸುಧಾರಿಸುವುದಿಲ್ಲ. ಗಾಳಿಯಲ್ಲಿ ತೇವ ತುಂಬಿರುವಾಗ ತೆಳುಲೇಪ ನಿಧಾನವಾಗಿ ಒಣಗುತ್ತದೆ, ಅಷ್ಟರಲ್ಲಿ ಕಣಗಳು ಸುಕ್ಕುಗಟ್ಟುತ್ತವೆ. ತಣ್ಣನೆಯ ಫ್ಯಾನ್ ಗಾಳಿ ಒಳ್ಳೆಯದು. ಹೇರ್ ಡ್ರೈಯರು, ಬಲ್ಬಿನ ಶಾಖ, ಬಿಸಿಲು ಯಾವುದೂ ಬೇಡ, ಏಕೆಂದರೆ ಬಿಸಿಗೆ ದಪ್ಪಲೇಪದ ಕಣಗಳು ಗಾಜಿಗೆ ಬೆಂದಂತೆ ಅಂಟಿಕೊಂಡು ಮುಂದೆ ನೀರಿನಲ್ಲಿ ಒಡೆಯುವುದೇ ಇಲ್ಲ. ದಪ್ಪಲೇಪ ಮಟ್ಟಸವಾದ ಜಾಗದಲ್ಲಿ ಪೂರ್ತಿ ಒಣಗಬೇಕು, ಓರೆಯಾಗಿಟ್ಟರೆ ರಕ್ತ ಒಂದು ಬದಿಗೆ ಇಳಿದು ಗಟ್ಟಿಯಾಗುತ್ತದೆ. ಇರುವೆ, ನೊಣ, ಜಿರಲೆಗಳಿಗೆ ರಕ್ತ ಪ್ರಿಯವಾದ ಆಹಾರ. ರಾತ್ರಿ ತೆರೆದಿಟ್ಟ ದಪ್ಪಲೇಪ ಬೆಳಗ್ಗೆ ಜರಡಿಯಾಗಿರುವುದನ್ನು ನಾನು ನೋಡಿದ್ದೇನೆ, ಸ್ಲೈಡುಗಳನ್ನು ಮುಚ್ಚಿಯೇ ಒಣಗಿಸಿ. ಮರುದಿನದೊಳಗೆ ಬಣ್ಣ ಹಾಕಿ. ಒಣಗಿದ ತೆಳುಲೇಪದ ದಪ್ಪ ತುದಿಯ ಮೇಲೆ ಪೆನ್ಸಿಲ್ಲಿನಿಂದ ಸಂಖ್ಯೆ, ತಾರೀಕು ಬರೆಯಿರಿ. ಪೆನ್ನಿನ ಶಾಯಿಯನ್ನು ಮುಂದಿನ ಹಂತದಲ್ಲಿ ಬಳಸುವ ಮೆಥನಾಲ್ ಎಂಬ ದ್ರವ ಅಳಿಸಿಬಿಡುತ್ತದೆ.

ಬಣ್ಣ ಹಾಕುವುದು

ನಾವು ಬಳಸುವ ಬಣ್ಣಗಳೆಲ್ಲ ರೊಮಾನೊವ್ಸ್ಕಿ ಎಂಬ ಒಂದೇ ಮನೆತನದವು. 1901ರ ಲೀಶ್‌ಮನ್, 1904ರ ಗೀಮ್ಸಾ ಇದೇ ಮನೆಯವು. ಮಿಥಿಲಿನ್ ಬ್ಲೂ ಮತ್ತು ಅದರಿಂದ ಹುಟ್ಟಿದ ಅಜೂರ್ ಬಣ್ಣಗಳು ಒಂದು ಕಡೆ, ಇಯೋಸಿನ್ ಇನ್ನೊಂದು ಕಡೆ. ನೀಲಿ ಬಣ್ಣಗಳು ಆಮ್ಲೀಯ ವಸ್ತುವಾದ ಆರ್‌ಎನ್‌ಎಗೆ ಅಂಟುವುದರಿಂದ ಪರೋಪಜೀವಿಯ ಕೋಶರಸ ನೀಲಿಯಾಗುತ್ತದೆ. ಇಯೋಸಿನ್ ಹಿಮೋಗ್ಲೋಬಿನ್ನಿಗೆ ಅಂಟಿ ಕೆಂಪುಕಣ ನಸುಗೆಂಪಾಗುತ್ತದೆ. ಅಜೂರ್ ಮತ್ತು ಇಯೋಸಿನ್ ಎರಡೂ ಸೇರಿ ಡಿಎನ್‌ಎ ಇರುವ ಕ್ರೊಮ್ಯಾಟಿನ್ನಿಗೆ ಕೆನ್ನೇರಳೆ ಕೊಡುತ್ತವೆ. ಈ ಹಂಚಿಕೆ ಸರಿಯಾಗಿ ಆಗಬೇಕಾದರೆ ನೀರಿನ ಪಿಎಚ್ 7.2 ಇರಬೇಕು. ನಲ್ಲಿಯ ನೀರು ಒಂದೊಂದು ದಿನ ಒಂದೊಂದು ಬಗೆ. ಪಿಎಚ್ ಬದಲಾಗದಂತೆ ಹಿಡಿದಿಡುವ ಬಫರ್ ಗುಳಿಗೆ ಕರಗಿಸಿದ ಶುದ್ಧ ನೀರನ್ನೇ ಬಳಸಿ. ನೀರು ಆಮ್ಲೀಯವಾದರೆ ಎಲ್ಲವೂ ಕೆಂಪಗೆ, ಕ್ಷಾರೀಯವಾದರೆ ಎಲ್ಲವೂ ನೀಲಿಯಾಗಿ ಕಾಣುತ್ತದೆ, ಎರಡರಲ್ಲೂ ಕಣದೊಳಗಿನ ಚುಕ್ಕೆಗಳು ಮಾಯವಾಗುತ್ತವೆ.

ಗೀಮ್ಸಾಕ್ಕೆ ಮೊದಲು ತೆಳುಲೇಪವನ್ನು ಮಾತ್ರ ಮೆಥನಾಲಿನಲ್ಲಿ ಒಂದೆರಡು ಸೆಕೆಂಡು ಅದ್ದಿ ಸ್ಥಿರಗೊಳಿಸಬೇಕು. ಸ್ಲೈಡನ್ನು ತೆಳುಲೇಪದ ಬದಿ ಕೆಳಗಿರುವಂತೆ ಓರೆಯಾಗಿ ಹಿಡಿದು ಒಣಗಿಸಿ. ಮೆಥನಾಲಾಗಲಿ ಅದರ ಆವಿಯಾಗಲಿ ದಪ್ಪಲೇಪಕ್ಕೆ ತಾಗಿದರೆ ಅಲ್ಲಿಯ ಕೆಂಪುಕಣಗಳೂ ಸ್ಥಿರಗೊಂಡು ಒಡೆಯದೆ ಉಳಿಯುತ್ತವೆ, ದಪ್ಪಲೇಪ ಮಾಡಿದ ಉದ್ದೇಶವೇ ಹಾಳು. ಮೆಥನಾಲ್ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿ. ಜುಲೈ ತಿಂಗಳ ಗಾಳಿಯಿಂದ ಅದು ತೇವ ಹೀರಿಕೊಳ್ಳುತ್ತದೆ, ನೀರು ಸೇರಿದ ಮೆಥನಾಲಿನಲ್ಲಿ ಅದ್ದಿದ ಕಣಗಳೊಳಗೆ ಹೊಳೆಯುವ ಗುಳ್ಳೆಗಳಂಥ ಕಲೆಗಳು ಮೂಡುತ್ತವೆ. ಹೊಸಬರು ಅವನ್ನೇ ಪರೋಪಜೀವಿ ಎಂದುಕೊಂಡದ್ದನ್ನು ಮಳೆಗಾಲದಲ್ಲಿ ನಾನು ಎಷ್ಟೋ ಸಲ ತಿದ್ದಿದ್ದೇನೆ.

ಬಿಡುವಿದ್ದು ಹಲವು ಸ್ಲೈಡುಗಳಿದ್ದರೆ ಶೇಕಡಾ 3ರ ಗೀಮ್ಸಾ, ಅಂದರೆ 97 ಮಿಲಿಲೀಟರ್ ಬಫರ್ ನೀರಿಗೆ 3 ಮಿಲಿಲೀಟರ್ ಬಣ್ಣ, 45 ನಿಮಿಷ. ವರದಿ ತುರ್ತಾಗಿದ್ದರೆ ಶೇಕಡಾ 10ರದ್ದು, 10ರಿಂದ 15 ನಿಮಿಷ. ಬೆರೆಸಿದ ಬಣ್ಣವನ್ನು ಆಗಲೇ ಬಳಸಿ ಮುಗಿಸಿ, ನಾಳೆಗೆ ಇಡಬೇಡಿ. ಮೂಲ ಬಣ್ಣದ ಬಾಟಲಿಗೆ ನೀರಿನ ಒಂದು ಹನಿಯೂ ಹೋಗಬಾರದು, ಬಣ್ಣ ತೆಗೆಯುವ ಪಿಪೆಟ್ ಒಣಗಿರಬೇಕು. ಹೊತ್ತು ಮುಗಿದಾಗ ಬಣ್ಣವನ್ನು ಬಗ್ಗಿಸಿ ಚೆಲ್ಲಬೇಡಿ. ಮೇಲೆ ಕಟ್ಟಿದ ಲೋಹದ ಹೊಳಪಿನ ಕೆನೆ ಲೇಪದ ಮೇಲೆ ಕೂತುಬಿಡುತ್ತದೆ. ಸ್ಲೈಡಿನ ಒಂದು ತುದಿಯಿಂದ ಬಫರ್ ನೀರನ್ನು ಮೆಲ್ಲಗೆ ಬಿಟ್ಟು ಆ ಕೆನೆಯನ್ನು ತೇಲಿಸಿ ಹೊರಹಾಕಿ, ಅನಂತರ ತೊಳೆದು, ಲೇಪದ ಮುಖ ಕೆಳಗಾಗಿ ಸ್ಟ್ಯಾಂಡಿನಲ್ಲಿ ಒರಗಿಸಿಡಿ.

ಲೀಶ್‌ಮನ್ ಬಣ್ಣ ಮೆಥನಾಲಿನಲ್ಲೇ ಕರಗಿರುವುದರಿಂದ ತೆಳುಲೇಪವನ್ನು ಬೇರೆಯಾಗಿ ಸ್ಥಿರಗೊಳಿಸಬೇಕಾಗಿಲ್ಲ. ನಮ್ಮ ದೇಶದ ಮಲೇರಿಯಾ ಕಾರ್ಯಕ್ರಮದಲ್ಲಿ ಬಹುಕಾಲದಿಂದ ನಡೆದುಬಂದದ್ದು ಜೆಎಸ್‌ಬಿ ಬಣ್ಣ. ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ಅವರು 1944ರಲ್ಲಿ ಪ್ರಕಟಿಸಿದ, ನೀರಿನಲ್ಲಿ ಕರಗುವ, ಅಗ್ಗದ, ಬೇಗ ಮುಗಿಯುವ ಈ ವಿಧಾನದಿಂದ ದಿನಕ್ಕೆ ನೂರಾರು ಸ್ಲೈಡುಗಳಿಗೆ ಬಣ್ಣ ಹಾಕುವುದು ಸಾಧ್ಯವಾಯಿತು. ಯಾವುದನ್ನು ಬಳಸಿದರೂ ಹೊಸ ಬಾಟಲಿ ತೆರೆದಾಗ ಪರೋಪಜೀವಿ ಇದೆಯೆಂದು ಗೊತ್ತಿರುವ ಒಂದು ಸ್ಲೈಡಿಗೆ ಮೊದಲು ಹಾಕಿ ನೋಡಿ.

ನೋಡುವುದು

ಮೊದಲು ಹತ್ತು ಪಟ್ಟಿನ ವಸ್ತುಮಸೂರದಲ್ಲಿ ದಪ್ಪಲೇಪವನ್ನು ಒಂದು ಸುತ್ತು ನೋಡಿ. ಬಣ್ಣ ಚೆನ್ನಾಗಿ ಹಿಡಿದ, ಬಿಳಿಕಣಗಳು ಸ್ಪಷ್ಟವಾಗಿರುವ ಜಾಗವನ್ನು ಆರಿಸಲು ಇದು ಬೇಕು. ಇನ್ನೊಂದು ಕಾರಣವೂ ಇದೆ. ಆನೆಕಾಲು ರೋಗದ ಮೈಕ್ರೊಫೈಲೇರಿಯಾ ಹುಳು ಉದ್ದನೆಯದು, ಅದು ಈ ಕಡಿಮೆ ಪಟ್ಟಿನಲ್ಲೇ ಕಣ್ಣಿಗೆ ಬೀಳುತ್ತದೆ. ರಾತ್ರಿ ತೆಗೆದ ರಕ್ತದಲ್ಲಿ ಅದು ಹೆಚ್ಚು ಸಿಗುತ್ತದಾದರೂ ಎಣ್ಣೆಮಸೂರಕ್ಕೆ ಅವಸರದಿಂದ ಹಾರಿದವರು ಹಗಲಿನದನ್ನೂ ತಪ್ಪಿಸಿಕೊಳ್ಳುತ್ತಾರೆ. 2004ರಲ್ಲಿ ನಮ್ಮ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರೈತರೊಬ್ಬರ ರಕ್ತದಲ್ಲಿ, ಸಾಮಾನ್ಯವಾಗಿ ದನ, ಒಂಟೆ, ಕುದುರೆಗಳಿಗೆ ಬರುವ ಟ್ರಿಪನೊಸೋಮಾ ಇವಾನ್ಸಿ ಕಂಡುಬಂತು. ಮನುಷ್ಯರನ್ನು ಅದರಿಂದ ಕಾಯುವ ರಕ್ತದ ಪ್ರೋಟೀನೊಂದು ಅವರಲ್ಲಿ ಕೆಲಸ ಮಾಡುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ಚೀಟಿಯಲ್ಲಿ ಕೇಳಿದ್ದು ಮಲೇರಿಯಾವಾದರೂ ಸ್ಲೈಡಿನಲ್ಲಿ ಇನ್ನೇನಾದರೂ ಇರಬಹುದು.

ಅನಂತರ ಎಣ್ಣೆಯ ಹನಿ ಹಾಕಿ ನೂರು ಪಟ್ಟಿನ ವಸ್ತುಮಸೂರ. ಹತ್ತು ಪಟ್ಟಿನ ಕಣ್ಣುಮಸೂರದೊಂದಿಗೆ ಒಟ್ಟು ಸಾವಿರ ಪಟ್ಟು. ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರನ್ನು ಪೂರ್ತಿ ಮೇಲೆತ್ತಿ, ಬೆಳಕಿನ ಕಿಂಡಿಯಾದ ಐರಿಸನ್ನು ತೆರೆಯಿರಿ. ಬೆಳಕು ಕಡಿಮೆಯಾದರೆ ಕ್ರೊಮ್ಯಾಟಿನ್ ಚುಕ್ಕೆಗೂ ಬಣ್ಣದ ಕಸಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ನೆಲ ಉಳುವ ರೈತ ಸಾಲು ಬಿಡದೆ ಉಳುವಂತೆ, ಒಂದು ಅಂಚಿನಿಂದ ಶುರುಮಾಡಿ ಮೇಲಿಂದ ಕೆಳಗೆ, ಪಕ್ಕಕ್ಕೆ ಸರಿದು ಕೆಳಗಿಂದ ಮೇಲೆ ಸಾಗಿ. ಪ್ರತಿ ಫೀಲ್ಡಿನಲ್ಲೂ (ಮಸೂರದಲ್ಲಿ ಒಮ್ಮೆಗೆ ಕಾಣುವ ವೃತ್ತ) ಸೂಕ್ಷ್ಮ ಹೊಂದಿಕೆಯ ತಿರುಪನ್ನು ತುಸು ತಿರುಗಿಸಿ, ಲೇಪದ ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ನೋಡಿ. ಕಡಿಮೆಯೆಂದರೆ ನೂರು ಫೀಲ್ಡ್. ಎಣಿಕೆಗೆ ಕೌಂಟರ್ ಇಟ್ಟುಕೊಳ್ಳಿ, ಅಂದಾಜು ಬೇಡ.

ನೂರು ಏಕೆ ಎಂದು ಕೇಳುವವರಿಗೆ ಈ ಲೆಕ್ಕ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್, ಅಂದರೆ 50 ಲಕ್ಷ ಮೈಕ್ರೋಲೀಟರ್ ರಕ್ತವಿದೆ. ದಪ್ಪಲೇಪದ ನೂರು ಫೀಲ್ಡುಗಳಲ್ಲಿ ನಾವು ನೋಡುವುದು ಒಂದು ಮೈಕ್ರೋಲೀಟರಿಗಿಂತಲೂ ಕಡಿಮೆ. ಅಷ್ಟನ್ನೂ ನೋಡದೆ ‘ಇಲ್ಲ’ ಎಂದರೆ ಅದು ಆ ಮನುಷ್ಯನ ರಕ್ತದ ಬಗ್ಗೆ ಹೇಳಿದ ಮಾತಾಗುವುದಿಲ್ಲ, ನಮ್ಮ ಅವಸರದ ಬಗ್ಗೆ ಹೇಳಿದ ಮಾತಾಗುತ್ತದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನಾನು ಆ ತಪ್ಪು ಮಾಡಿದೆ. ಕುಂದಾಪುರದ ಕಡೆಯ, ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದ ಹುಡುಗನೊಬ್ಬನ ಸ್ಲೈಡು. ಜುಲೈ ತಿಂಗಳ ಸಂಜೆ, ಮೇಜಿನ ಮೇಲೆ ನಲವತ್ತು ಸ್ಲೈಡುಗಳಿದ್ದವು. ತೆಳುಲೇಪದ ಇಪ್ಪತ್ತು ಫೀಲ್ಡ್ ನೋಡಿ ‘ಕಾಣಲಿಲ್ಲ’ ಎಂದು ಬರೆದೆ. ಎರಡನೆಯ ದಿನ ಅವನ ಜೊತೆಯವರು ಅವನನ್ನು ಹಿಡಿದುಕೊಂಡು ಬಂದಾಗ ‘ಅಕ್ಕ, ನಿನ್ನೆಯಿಂದ ಮಾತಾಡುತ್ತಿಲ್ಲ’ ಎಂದರು. ಹಳೆಯ ಸ್ಲೈಡನ್ನೇ ತೆಗೆದು ದಪ್ಪಲೇಪ ನೋಡಿದೆ, ಹನ್ನೆರಡನೆಯ ಫೀಲ್ಡಿನಲ್ಲಿ ಉಂಗುರವಿತ್ತು, ಅಂದರೆ ಉಂಗುರದಂತೆ ಕಾಣುವ ಎಳೆಯ ಪರೋಪಜೀವಿ. ಹುಡುಗ ಉಳಿದ. ಅಂದಿನಿಂದ ನನ್ನ ಮೇಜಿನ ಮೇಲೆ ಕೌಂಟರ್ ಇಲ್ಲದ ದಿನವಿಲ್ಲ.

ಪರೋಪಜೀವಿಯಂತೆ ಕಂಡು ಮೋಸಗೊಳಿಸುವ ವಸ್ತುಗಳೂ ಇವೆ. ಕೆಂಪುಕಣದ ಮೇಲೆ ಕೂತ ಪ್ಲೇಟ್‌ಲೆಟ್ ಉಂಗುರದಂತೆ ಕಾಣುತ್ತದೆ, ಆದರೆ ಅದರ ಸುತ್ತ ಬೆಳ್ಳನೆಯ ಅಂಚಿರುತ್ತದೆ, ನೀಲಿ ಕೋಶರಸವೂ ಕೆಂಪು ಚುಕ್ಕೆಯೂ ಬೇರೆ ಬೇರೆಯಾಗಿ ತೋರುವುದಿಲ್ಲ. ಬಣ್ಣದ ಕಸ ಕಣಗಳಿಗಿಂತ ಮೇಲಿನ ಪಾತಳಿಯಲ್ಲಿರುತ್ತದೆ, ತಿರುಪು ತಿರುಗಿಸಿದಾಗ ಕಣ ಮಸುಕಾಗಿ ಅದು ಮಾತ್ರ ಸ್ಪಷ್ಟವಾಗುತ್ತದೆ. ಗುಲ್ಮವಿಲ್ಲದವರ ಕೆಂಪುಕಣಗಳಲ್ಲಿ ಕೋಶಕೇಂದ್ರದ ತುಣುಕೊಂದು ದುಂಡು ಚುಕ್ಕೆಯಾಗಿ ಉಳಿದಿರಬಹುದು, ಅದಕ್ಕೆ ನೀಲಿ ಅಂಚಿಲ್ಲ. ನಿಯಮ ಒಂದೇ: ಕೆಂಪು ಕ್ರೊಮ್ಯಾಟಿನ್ ಮತ್ತು ನೀಲಿ ಕೋಶರಸ ಎರಡೂ ಕಂಡರೆ ಮಾತ್ರ ಪರೋಪಜೀವಿ.

ಯಾವ ಜಾತಿ

ಮುಂಬಯಿಯಲ್ಲಿ ನಮಗೆ ಸಿಗುವುದು ಮುಖ್ಯವಾಗಿ ವೈವಾಕ್ಸ್ ಮತ್ತು ಫಾಲ್ಸಿಪಾರಮ್. ಇಲ್ಲಿ ಪರೋಪಜೀವಿಯನ್ನಷ್ಟೇ ನೋಡಬೇಡಿ, ಅದರ ಕಣವನ್ನು ಪಕ್ಕದ ಖಾಲಿ ಕಣದ ಜೊತೆ ಹೋಲಿಸಿ. ವೈವಾಕ್ಸ್ ಆಯ್ದುಕೊಳ್ಳುವುದು ಮಜ್ಜೆಯಿಂದ ಆಗತಾನೇ ಬಂದ ಎಳೆಯ ಕೆಂಪುಕಣಗಳನ್ನು. ಹಾಗಾಗಿ ಸೋಂಕಿನ ಕಣ ನೆರೆಯ ಕಣಗಳಿಗಿಂತ ದೊಡ್ಡದು, ಬಣ್ಣ ಪೇಲವ, ಮೈತುಂಬ ಷಫ್ನರ್ ಚುಕ್ಕೆಗಳೆಂಬ ನಸುಗೆಂಪು ಹುಡಿ. ಉಂಗುರ ಕಣದ ಮೂರನೆಯ ಒಂದರಷ್ಟಿರುತ್ತದೆ. ಬೆಳೆದಂತೆ ಕೋಶರಸ ಅಮೀಬಾದ ಹಾಗೆ ಎತ್ತೆತ್ತಲೋ ಚಾಚಿಕೊಳ್ಳುತ್ತದೆ. ಒಡೆಯುವ ಹಂತವಾದ ಸ್ಕೈಜಾಂಟಿನಲ್ಲಿ 12ರಿಂದ 24 ಮರಿಗಳು. ಉಂಗುರ, ಅಮೀಬಾ ರೂಪ, ಸ್ಕೈಜಾಂಟ್, ದುಂಡು ಗ್ಯಾಮೆಟೋಸೈಟ್ (ಸೊಳ್ಳೆಯಲ್ಲಿ ಮುಂದೆ ಬೆಳೆಯುವ ಗಂಡು ಹೆಣ್ಣು ರೂಪ) ಎಲ್ಲ ಒಂದೇ ಸ್ಲೈಡಿನಲ್ಲಿ ಜಾತ್ರೆಗೆ ನೆರೆದಂತೆ ಸಿಗುವುದು ವೈವಾಕ್ಸಿನ ಲಕ್ಷಣ.

ಫಾಲ್ಸಿಪಾರಮ್ ಎಲ್ಲ ವಯಸ್ಸಿನ ಕಣಗಳನ್ನೂ ಹಿಡಿಯುತ್ತದೆ, ಆದ್ದರಿಂದಲೇ ಅದರ ಸಂಖ್ಯೆ ಅಷ್ಟು ಏರುತ್ತದೆ. ಕಣದ ಗಾತ್ರ ಬದಲಾಗುವುದಿಲ್ಲ. ಉಂಗುರ ನವಿರು, ಕಣದ ಐದನೆಯ ಒಂದರಷ್ಟು, ಕೆಲವಕ್ಕೆ ಎರಡು ಕ್ರೊಮ್ಯಾಟಿನ್ ಚುಕ್ಕೆ, ಕೆಲವು ಕಣದ ಅಂಚಿಗೆ ಅಂಟಿಸಿದಂತೆ ಕೂತಿರುತ್ತವೆ, ಒಂದೇ ಕಣದಲ್ಲಿ ಎರಡು ಮೂರು ಉಂಗುರಗಳೂ ಸಾಮಾನ್ಯ. ಬೆಳೆದ ಹಂತಗಳು ಬೆರಳಿನ ರಕ್ತದಲ್ಲಿ ಕಾಣುವುದು ಅಪರೂಪ. ಪರೋಪಜೀವಿ ಬೆಳೆದಂತೆ ಕೆಂಪುಕಣದ ಹೊರಮೈಯಲ್ಲಿ ಗುಬುಟುಗಳು ಏಳುತ್ತವೆ, ಅವು ಒಳಅಂಗಗಳ, ಮಿದುಳಿನ ಕಿರುರಕ್ತನಾಳಗಳ ಗೋಡೆಗೆ ಕಣವನ್ನು ಅಂಟಿಸಿಬಿಡುತ್ತವೆ. ನಮ್ಮ ಸ್ಲೈಡಿನಲ್ಲಿ ಕೆಲವೇ ಉಂಗುರಗಳಿರುವಾಗಲೂ ರೋಗಿ ಪ್ರಜ್ಞೆ ತಪ್ಪಿರುವುದು ಇದರಿಂದಲೇ ಸಾಧ್ಯ. ಬಾಳೆಹಣ್ಣಿನ ಆಕಾರದ ಗ್ಯಾಮೆಟೋಸೈಟ್ ಕಂಡರೆ ಬೇರೆ ಸಾಕ್ಷಿ ಬೇಡ, ಅದು ಫಾಲ್ಸಿಪಾರಮ್. ಬಿಳಿಕಣಗಳ ಹೊಟ್ಟೆಯಲ್ಲಿ ಹೀಮೊಜಾಯಿನ್ ಪುಡಿ ಕಂಡರೆ, ಉಂಗುರ ಕಾಣದಿದ್ದರೂ, ಹುಡುಕುವುದನ್ನು ನಿಲ್ಲಿಸಬೇಡಿ.

ಮಲೇರಿಯೇ ಎಂಬ ಮೂರನೆಯ ಜಾತಿ ಅಪರೂಪ. ಅದರ ಕೋಶರಸ ಕಣದ ಅಡ್ಡಕ್ಕೆ ಪಟ್ಟಿಯಂತೆ ಹಾಯ್ದಿರುತ್ತದೆ. ನಮ್ಮ ತುಮಕೂರು, ಹಾಸನ ಜಿಲ್ಲೆಗಳು ಇದರ ನೆಲೆಗಳೆಂದು ವೈದ್ಯಕೀಯ ಪಠ್ಯಗಳಲ್ಲಿ ಹೆಸರಾಗಿವೆ, ಊರಿಂದ ಬಂದವರ ಸ್ಲೈಡಿನಲ್ಲಿ ಇದನ್ನೂ ಮನಸ್ಸಿನಲ್ಲಿಡಿ.

ಒಂದು ಜಾತಿ ಸಿಕ್ಕಿತೆಂದು ಅಲ್ಲಿಗೇ ಬಿಡದೆ ಇನ್ನೂ ನೂರು ಫೀಲ್ಡ್ ನೋಡಿ. ಎರಡು ಜಾತಿ ಕೂಡಿಯೇ ಇರುವುದುಂಟು. ಚಿಕಿತ್ಸೆ ಜಾತಿಯನ್ನು ಅನುಸರಿಸುತ್ತದೆ. ವೈವಾಕ್ಸ್ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿದ್ರಿಸಿ ಮತ್ತೆ ಏಳುವ ಹಿಪ್ನೊಜಾಯಿಟ್‌ಗಳನ್ನು ಬಿಟ್ಟುಹೋಗುತ್ತದೆ, ಅದಕ್ಕೆ ವೈದ್ಯರು ಬೇರೆಯೇ ಔಷಧ ಕೊಡಬೇಕಾಗುತ್ತದೆ. ಫಾಲ್ಸಿಪಾರಮ್ಮಿನಲ್ಲಿ ಗಂಟೆಗಳ ವಿಳಂಬವೂ ಅಪಾಯ.

ಎಣಿಕೆ ಮತ್ತು ವರದಿ

ಎಣಿಕೆ ದಪ್ಪಲೇಪದಲ್ಲಿ, ಬಿಳಿಕಣಗಳನ್ನು ಅಳತೆಗೋಲಾಗಿ ಇಟ್ಟುಕೊಂಡು. ಒಂದು ಕೈಯ ಕೌಂಟರಿನಲ್ಲಿ ಬಿಳಿಕಣ, ಇನ್ನೊಂದರಲ್ಲಿ ಪರೋಪಜೀವಿ. 200 ಬಿಳಿಕಣ ಆಗುವಷ್ಟರಲ್ಲಿ ನೂರು ಪರೋಪಜೀವಿಯಾದರೂ ಸಿಕ್ಕಿದ್ದರೆ ನಿಲ್ಲಿಸಿ, ಇಲ್ಲವಾದರೆ 500 ಬಿಳಿಕಣದವರೆಗೆ ಎಣಿಸಿ. ಒಂದು ಮೈಕ್ರೋಲೀಟರಿಗೆ 8000 ಬಿಳಿಕಣ ಎಂದು ಹಿಡಿದು ಗುಣಿಸಬೇಕು. 200 ಬಿಳಿಕಣಕ್ಕೆ 120 ಪರೋಪಜೀವಿ ಎಂದರೆ 120ನ್ನು 8000ದಿಂದ ಗುಣಿಸಿ 200ರಿಂದ ಭಾಗಿಸಿದಾಗ ಮೈಕ್ರೋಲೀಟರಿಗೆ 4800. ಆ ರೋಗಿಯ ನಿಜವಾದ ಬಿಳಿಕಣ ಸಂಖ್ಯೆ ಅದೇ ದಿನದ ರಕ್ತಪರೀಕ್ಷೆಯಲ್ಲಿ ಸಿಕ್ಕಿದ್ದರೆ 8000ದ ಬದಲು ಅದನ್ನೇ ಬಳಸಿ. ಗ್ಯಾಮೆಟೋಸೈಟ್‌ಗಳನ್ನು ಈ ಎಣಿಕೆಗೆ ಸೇರಿಸಬೇಡಿ, ಬೇರೆಯಾಗಿ ಬರೆಯಿರಿ.

ಸೂಕ್ಷ್ಮದರ್ಶಕವಿಲ್ಲದೆ, ರಕ್ತದ ಹನಿಯಲ್ಲಿ ಪರೋಪಜೀವಿಯ ಪ್ರೋಟೀನನ್ನು ಹುಡುಕುವ ಕಾರ್ಡ್ ಪರೀಕ್ಷೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ರಾತ್ರಿಯ ತುರ್ತಿಗೆ ಉಪಕಾರಿ. ಆದರೆ ಅದು ಹುಡುಕುವ ಫಾಲ್ಸಿಪಾರಮ್ಮಿನ ಎಚ್‌ಆರ್‌ಪಿ-2 ಪ್ರೋಟೀನು ಜೀವಿ ಸತ್ತ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ, ಆದ್ದರಿಂದ ಔಷಧ ಕೆಲಸ ಮಾಡಿತೇ ಎಂದು ತಿಳಿಯಲು ಸ್ಲೈಡೇ ಬೇಕು.

ಪರೋಪಜೀವಿ ಸಿಕ್ಕರೆ ಜಾತಿ, ಹಂತ, ಎಣಿಕೆ ಬರೆಯಿರಿ, ಫಾಲ್ಸಿಪಾರಮ್ ಆದರೆ ವರದಿ ಟೈಪಾಗುವವರೆಗೆ ಕಾಯದೆ ವೈದ್ಯರಿಗೆ ಫೋನು ಮಾಡಿ. ಸಿಗದಿದ್ದರೆ ‘ಮಲೇರಿಯಾ ಇಲ್ಲ’ ಎಂದು ಬರೆಯಬೇಡಿ. ‘ದಪ್ಪಲೇಪದ 100 ಫೀಲ್ಡುಗಳಲ್ಲಿ ಪರೋಪಜೀವಿ ಕಾಣಲಿಲ್ಲ. ಜ್ವರ ಮುಂದುವರಿದರೆ 12 ಗಂಟೆಗಳ ನಂತರ ಮತ್ತೆ ರಕ್ತ ಕಳುಹಿಸಿ’ ಎಂದು ಬರೆಯಿರಿ. ಎರಡು ದಿನಗಳಲ್ಲಿ ಮೂರು ಸಲ ನೋಡಿಯೂ ಕಾಣದಿದ್ದಾಗ ಮಾತ್ರ ವೈದ್ಯರು ಧೈರ್ಯದಿಂದ ಬೇರೆ ಜ್ವರಗಳತ್ತ ತಿರುಗಬಹುದು.

ಕೊನೆಗೆ ಮಸೂರದ ಎಣ್ಣೆಯನ್ನು ಲೆನ್ಸ್ ಕಾಗದದಿಂದ ಒರೆಸಿ, ಸೂಕ್ಷ್ಮದರ್ಶಕವನ್ನು ಮುಚ್ಚಿಡಿ. ನಮ್ಮ ಕಡಲ ಗಾಳಿಗೆ ಮಸೂರದ ಮೇಲೆ ಬೂಷ್ಟು ಹಿಡಿಯುತ್ತದೆ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿಕೊಳ್ಳಿ. ಸ್ಲೈಡಿನ ಎಣ್ಣೆಯನ್ನು ಉಜ್ಜದೆ, ಕಾಗದ ಹಾಸಿ ಹೀರಿಸಿ ತೆಗೆದು, ಸಂಖ್ಯೆಯ ಕ್ರಮದಲ್ಲಿ ಕತ್ತಲೆಯ ಡಬ್ಬಿಯಲ್ಲಿಡಿ. ‘ಕಾಣಲಿಲ್ಲ’ ಎಂದು ಬರೆದ ಸ್ಲೈಡುಗಳನ್ನೂ ಎಸೆಯದೆ ಇಡಿ, ಆ ಹುಡುಗನ ಸ್ಲೈಡು ಡಬ್ಬಿಯಲ್ಲಿ ಉಳಿದಿದ್ದರಿಂದಲೇ ಎರಡನೆಯ ದಿನ ನಾನು ಅದನ್ನು ಮತ್ತೆ ನೋಡಲು ಸಾಧ್ಯವಾಯಿತು.